ರಸ್ತೆ ಕಾಣುವ ಸೀಟು

(ದೇವನಹಳ್ಳಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ದತ್ತಿ ಉಪನ್ಯಾಸ ಎಂದರೆ ವಚನ, ಕೀರ್ತನೆ, ಜನಪದ, ಇಲ್ಲವೇ ಸ್ಥಳೀಯ ಇತಿಹಾಸ ಎಂಬುದು ನಮ್ಮಲ್ಲಿ ಬೆಳೆದುಬಂದ ರೂಢಿ. ಟಿಪ್ಪು ಹುಟ್ಟಿದ ಊರಿನಲ್ಲಿ, ಕೋಟೆಗೆ ಕೂಗಳತೆ ದೂರದಲ್ಲಿ ನಿಂತು, ಕಾರು ಹತ್ತಿದರೆ ಬರುವ ವಾಂತಿಯ ಬಗ್ಗೆ ಮಾತಾಡುತ್ತೇನೆ ಎಂದಾಗ ಸಂಘಟಕರು ಸ್ವಲ್ಪ ಹೊತ್ತು ಯೋಚಿಸಿದರು. ಕೊನೆಗೆ ಒಪ್ಪಿದ್ದಕ್ಕೆ ಕಾರಣವಿದೆ. ಈ ದತ್ತಿ ಇರುವುದು ಮೂವತ್ತು ವರ್ಷ ಬಸ್ಸಿನ ಸ್ಟೇರಿಂಗ್ ಹಿಡಿದ ಹಿರಿಯರೊಬ್ಬರ ನೆನಪಿನಲ್ಲಿ. ಅವರ ಬಸ್ಸಿನಲ್ಲಿ ನಾನೂ ಓಡಾಡಿದವನು. ಅವರ ಮಾತಿಗೆ ಆಮೇಲೆ ಬರುತ್ತೇನೆ.

2008ರ ಮೇ ತಿಂಗಳಲ್ಲಿ ಇಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ನಮ್ಮ ಊರಿನ ಬದುಕು ಚಕ್ರದ ಮೇಲೆ ನಿಂತಿದೆ. ದ್ರಾಕ್ಷಿ, ಚಕ್ಕೋತ, ರೇಷ್ಮೆ ಎನ್ನುತ್ತಿದ್ದ ಮನೆಗಳಲ್ಲಿ ಈಗ ಅಂಗಳದಲ್ಲಿ ಹಳದಿ ಬೋರ್ಡಿನ ಕಾರು ನಿಂತಿರುತ್ತದೆ. ನಿತ್ಯ ಸಾವಿರಾರು ಜನರನ್ನು ಹೊತ್ತು ಸಾದಹಳ್ಳಿ ಟೋಲ್ ದಾಟುವ ಗಾಡಿಗಳಲ್ಲಿ ಎಷ್ಟೋ ನಮ್ಮ ಹುಡುಗರ ಕೈಯಲ್ಲಿವೆ. ಆ ಗಾಡಿಗಳ ಹಿಂದಿನ ಸೀಟಿನಲ್ಲಿ ಯಾರೋ ಒಬ್ಬರು ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಯಾವಾಗ ಇಳಿಯುತ್ತೇನೋ ಎಂದು ಕೂತಿರುತ್ತಾರೆ. ಹಾಗೆ ಕೂತವರ ಪರವಾಗಿ ಇವತ್ತು ಮಾತಾಡಬೇಕು ಅನ್ನಿಸಿತು. ವೃತ್ತಿಯಿಂದ ನಾನು ಕಿವಿ, ಮೂಗು, ಗಂಟಲಿನ ವೈದ್ಯ. ವಾಂತಿಗೂ ಕಿವಿ ಡಾಕ್ಟರಿಗೂ ಏನು ಸಂಬಂಧ ಎಂದು ಕೇಳುವವರಿದ್ದೀರಿ. ಇಡೀ ಕಥೆ ಇರುವುದೇ ಕಿವಿಯೊಳಗೆ.

ಮೊದಲು ನನ್ನ ಸ್ವಂತ ಅನುಭವ. ನನಗೆ ಒಂಬತ್ತು ವರ್ಷ. ಬಾಡಿಗೆಗೆ ತೆಗೆದುಕೊಂಡ ಮೆಟಡೋರ್ ವ್ಯಾನಿನಲ್ಲಿ ಮನೆಮಂದಿಯೆಲ್ಲ ಧರ್ಮಸ್ಥಳಕ್ಕೆ ಹೊರಟಿದ್ದೆವು. "ಗಾಡಿ ಆಗ್ಬರಲ್ಲ ಇವನಿಗೆ, ಏನೂ ತಿನ್ನಿಸಬೇಡ" ಎಂದು ದೊಡ್ಡಮ್ಮ ಹೇಳಿದ್ದರಿಂದ ಅಮ್ಮ ಹಾಲು ಕೂಡ ಕೊಡಲಿಲ್ಲ. ಅಜ್ಜಿ ಒಂದು ಕೈಗೆ ನಿಂಬೆಹಣ್ಣು, ಇನ್ನೊಂದು ಕೈಗೆ ಚಕ್ಕೋತದ ಸಿಪ್ಪೆ ಕೊಟ್ಟು "ಮೂಸ್ತಾ ಇರು ಮಗ" ಎಂದಳು. ಚಿಕ್ಕವನಾದ್ದರಿಂದ ಕಡೇ ಸೀಟು. ಮುಂದೆ ದೊಡ್ಡವರ ಬೆನ್ನು, ಪಕ್ಕದಲ್ಲಿ ಅಕ್ಕಿ ಮೂಟೆ. ಕಿಟಕಿ ನನ್ನ ಹಣೆಗಿಂತ ಮೇಲೆ. ಘಾಟಿ ಶುರುವಾಗಿ ಮೂರನೇ ತಿರುವಿಗೆ ಬಾಯಲ್ಲಿ ನೀರು ಊರಿತು. ಐದನೆಯದಕ್ಕೆ ಆಗಿಯೇ ಹೋಯಿತು. ಹೊಟ್ಟೆಯಲ್ಲಿ ಏನೂ ಇರಲಿಲ್ಲವಾದ್ದರಿಂದ ಬಂದದ್ದು ಬರೀ ಕಹಿ ನೀರು, ಕರುಳು ಕಿತ್ತು ಬರುವಂಥ ನೋವು. ಯಾರೋ ನೆಂಟರು "ಇದನ್ಯಾಕೆ ಕರ್ಕೊಂಡ್ ಬಂದ್ರಿ" ಎಂದರು. ಇವನನ್ನು ಎನ್ನಲಿಲ್ಲ, ಇದನ್ನು ಎಂದರು. ಆಮೇಲೆ ಹತ್ತು ವರ್ಷ ನಾನು ಯಾವ ಮದುವೆಯ ದಿಬ್ಬಣಕ್ಕೂ ಹೋಗಲಿಲ್ಲ. ಹೊಟ್ಟೆ ತೊಳಸುವುದಕ್ಕಿಂತ ಆ ಮಾತಿನ ಭಯವೇ ದೊಡ್ಡದಾಗಿತ್ತು.

ಆದ್ದರಿಂದ ಮೊದಲಿಗೇ ಹೇಳಿಬಿಡುತ್ತೇನೆ. ಇದು ಪಿತ್ತವಲ್ಲ, ದೌರ್ಬಲ್ಯವಲ್ಲ, ಮಗುವಿನ ಹಟವೂ ಅಲ್ಲ. ಕಿವಿಯ ಸಮತೋಲನ ಅಂಗ ಚೆನ್ನಾಗಿ ಕೆಲಸ ಮಾಡುತ್ತಿದೆ ಎಂಬುದರ ಗುರುತು. ಈ ಮಾತಿಗೆ ಹಳೆಯ ಸಾಕ್ಷಿಯೊಂದಿದೆ. 1882ರಲ್ಲಿ ಅಮೆರಿಕದ ಹಾರ್ವರ್ಡಿನಲ್ಲಿದ್ದ ವಿಲಿಯಂ ಜೇಮ್ಸ್ ಎಂಬ ಮನಶ್ಶಾಸ್ತ್ರಜ್ಞ, ಹುಟ್ಟು ಕಿವುಡರಾದ ಅನೇಕರನ್ನು ಗಿರಗಿರನೆ ತಿರುಗಿಸಿದರೂ ಅವರಿಗೆ ತಲೆಸುತ್ತು ಬರುವುದಿಲ್ಲ ಎಂದು ಗಮನಿಸಿ ಬರೆದ. ಕೇಳುವ ಶಕ್ತಿಯ ಜೊತೆಗೆ ಅವರಲ್ಲಿ ಸಮತೋಲನದ ಅಂಗವೂ ಕೆಟ್ಟಿತ್ತು. ಮುಂದೆ ಗೊತ್ತಾದದ್ದು ಏನೆಂದರೆ, ಒಳಗಿವಿಯ ಆ ಭಾಗ ಪೂರ್ತಿ ಕೆಲಸ ನಿಲ್ಲಿಸಿದವರಿಗೆ ಎಂಥ ಬಿರುಗಾಳಿಯ ಸಮುದ್ರದಲ್ಲೂ ವಾಂತಿ ಬರುವುದಿಲ್ಲ. ಮಿಕ್ಕ ನಮಗೆಲ್ಲ, ತೂಗಾಟ ಸಾಕಷ್ಟಾದರೆ, ಬಂದೇ ಬರುತ್ತದೆ. ಕೆಲವರಿಗೆ ಬೇಗ, ಕೆಲವರಿಗೆ ತಡವಾಗಿ, ಅಷ್ಟೇ ವ್ಯತ್ಯಾಸ. ಇಂಗ್ಲೆಂಡಿನ ನೌಕಾಪಡೆಯನ್ನು ನಡೆಸಿದ ನೆಲ್ಸನ್‌ಗೆ ಕಡಲಿನ ವಾಂತಿ ಕಡೆಯವರೆಗೂ ಬಿಡಲಿಲ್ಲ. 1831ರ ಕೊನೆಯಲ್ಲಿ ಬೀಗಲ್ ಹಡಗು ಹತ್ತಿದ ಡಾರ್ವಿನ್ ಒಣದ್ರಾಕ್ಷಿ, ಬಿಸ್ಕತ್ತು ಬಿಟ್ಟು ಬೇರೇನೂ ಹೊಟ್ಟೆಗೆ ಸೇರುತ್ತಿಲ್ಲ ಎಂದು ಮನೆಗೆ ಕಾಗದ ಬರೆದ. ಓಕರಿಕೆಗೆ ವೈದ್ಯರು ಬಳಸುವ ನಾಸಿಯಾ ಎಂಬ ಪದವೇ ಗ್ರೀಕರ ನೌಸ್, ಅಂದರೆ ಹಡಗು, ಎಂಬುದರಿಂದ ಬಂದದ್ದು. ಸಂಸ್ಕೃತದ ನೌ ಅದರ ಒಡಹುಟ್ಟು. ನಾವು ದಿನವೂ ಆಡುವ ನೌಕೆ, ನಾವಿಕ ಅದೇ ಮನೆತನದವು.

ಕಿವಿಯೊಳಗೆ ಏನಿದೆ ಎಂದು ನೋಡೋಣ. ಕಿವಿದಮಟೆಯ ಆಚೆ, ಮೂಳೆಯೊಳಗೆ ಹುದುಗಿಕೊಂಡು, ಅರ್ಧಚಂದ್ರಾಕಾರದ ಮೂರು ಕೊಳವೆಗಳಿವೆ. ಅವುಗಳೊಳಗೆ ದ್ರವ. ತುಂಬಿದ ತಂಬಿಗೆಯನ್ನು ಥಟ್ಟನೆ ತಿರುಗಿಸಿದರೆ ತಂಬಿಗೆ ತಿರುಗುತ್ತದೆ, ನೀರು ಒಂದು ಗಳಿಗೆ ಹಿಂದುಳಿಯುತ್ತದೆ. ಈ ಹಿಂದುಳಿಯುವಿಕೆಯನ್ನು ಅಲ್ಲಿರುವ ಸೂಕ್ಷ್ಮ ರೋಮಗಳು ಗುರುತಿಸಿ, ತಲೆ ತಿರುಗಿತು ಎಂದು ಮಿದುಳಿಗೆ ಸುದ್ದಿ ಕಳಿಸುತ್ತವೆ. ಆ ಕೊಳವೆಗಳ ಪಕ್ಕದಲ್ಲೇ ಎರಡು ಪುಟ್ಟ ಚೀಲಗಳು. ಅವುಗಳಲ್ಲಿ ಸುಣ್ಣದ ಹರಳುಗಳ ಹಾಸು. ಗಾಡಿ ಮುಂದೆ ನುಗ್ಗಿದರೆ, ಬ್ರೇಕು ಬಿದ್ದರೆ, ಹಳ್ಳಕ್ಕೆ ಇಳಿದರೆ, ತಲೆ ವಾಲಿದರೆ ಆ ಹರಳುಗಳು ಜಾರಿ ಬೇರೆ ಸುದ್ದಿ ಕಳಿಸುತ್ತವೆ. ಈ ಅಂಗದ ಕೆಲಸವನ್ನು ಬಿಡಿಸಿ ತೋರಿಸಿದ ರಾಬರ್ಟ್ ಬಾರಾನಿಗೆ 1914ರ ನೊಬೆಲ್ ಬಹುಮಾನ ಬಂತು.

ಇನ್ನು ಕಾರಿನ ಹಿಂದಿನ ಸೀಟಿನಲ್ಲಿ ಫೋನು ಹಿಡಿದು ಕೂತ ಮಗುವನ್ನು ನೆನೆದುಕೊಳ್ಳಿ. ಕಣ್ಣು ಹೇಳುತ್ತದೆ: ಏನೂ ಅಲ್ಲಾಡುತ್ತಿಲ್ಲ, ಫೋನು ಇದ್ದಲ್ಲೇ ಇದೆ. ಕಿವಿ ಹೇಳುತ್ತದೆ: ಎಡಕ್ಕೆ ತಿರುಗಿದೆವು, ಈಗ ನಿಧಾನವಾಯಿತು, ಈಗ ಬಲಕ್ಕೆ. ಮಿದುಳಿಗೆ ಎರಡು ಸಾಕ್ಷಿಗಳಿಂದ ಎರಡು ಹೇಳಿಕೆ. ಈ ತಗಾದೆಯೇ ಮೂಲ ಎಂಬುದನ್ನು 1975ರಲ್ಲಿ ರೀಸನ್ ಮತ್ತು ಬ್ರ್ಯಾಂಡ್ ಎಂಬಿಬ್ಬರು ಪುಸ್ತಕವಾಗಿಯೇ ಬರೆದರು. ಇವತ್ತಿಗೂ ಹೆಚ್ಚಿನವರು ಒಪ್ಪುವುದು ಅದನ್ನೇ. ತಗಾದೆಯಾದರೆ ತಲೆ ಸುತ್ತಲಿ, ವಾಂತಿ ಯಾಕೆ? 1977ರಲ್ಲಿ ಟ್ರೈಸ್‌ಮನ್ ಎಂಬಾತ ಒಂದು ಊಹೆ ಮುಂದಿಟ್ಟ. ಪೂರ್ತಿ ಸಾಬೀತಾಗಿಲ್ಲ, ಆದರೆ ನನಗೆ ಅದು ಬಹಳ ಒಪ್ಪಿಗೆಯಾಗುತ್ತದೆ. ಮನುಷ್ಯ ಗಾಡಿ ಹತ್ತಿದ್ದು ನಿನ್ನೆ ಮೊನ್ನೆ. ಅದಕ್ಕೂ ಮುಂಚಿನ ಲಕ್ಷಾಂತರ ವರ್ಷಗಳಲ್ಲಿ ಕಣ್ಣು ಒಂದು, ಕಿವಿ ಒಂದು ಹೇಳುವ ಸ್ಥಿತಿ ಬರುತ್ತಿದ್ದದ್ದು ವಿಷದ ಕಾಯಿಯನ್ನೋ ಬೀಜವನ್ನೋ ತಿಂದಾಗ. ಉಮ್ಮತ್ತಿ ಬೀಜ ತಿಂದವನ ಹಾಗೆ. ಹಾಗಾಗಿ ಮಿದುಳು ಹಳೇ ಪಾಠವನ್ನೇ ಒಪ್ಪಿಸುತ್ತದೆ: ವಿಷ ಸೇರಿದೆ, ಕಕ್ಕಿಬಿಡು. ಮಗುವನ್ನು ಕಾಪಾಡಲು ಹೊರಟ ದೇಹದ ಕೆಲಸ ಅದು.

ಉಮ್ಮತ್ತಿಯ ಮಾತು ಬಂತು. ಅದರಲ್ಲಿರುವ ಸ್ಕೋಪಲಮಿನ್ ಎಂಬ ಅಂಶವೇ ಪ್ರಯಾಣದ ವಾಂತಿಗೆ ಇರುವ ಬಲವಾದ ಔಷಧಿಗಳಲ್ಲಿ ಒಂದು. ಎರಡನೇ ಮಹಾಯುದ್ಧದಲ್ಲಿ ಹಡಗಿನಲ್ಲಿ ಸಾಗುವ ಸೈನಿಕರಿಗೆ ಅದನ್ನು ಕೊಟ್ಟಿದ್ದರು. ಇದನ್ನು ಕೇಳಿ ಯಾರೂ ಬೇಲಿಯ ಉಮ್ಮತ್ತಿಗೆ ಕೈ ಹಾಕಬಾರದು. ಅಳತೆಯಿಲ್ಲದೆ ತಿಂದರೆ ಭ್ರಮೆ ಹಿಡಿದು ಪ್ರಾಣಕ್ಕೇ ಬರುತ್ತದೆ.

ಎಲ್ಲ ಅಲ್ಲಾಟವೂ ಒಂದೇ ಅಲ್ಲ. ಎತ್ತಿನ ಗಾಡಿಯಲ್ಲಿ ಕೂತು ವಾಂತಿ ಮಾಡಿಕೊಂಡವರನ್ನು ನಾನು ನೋಡಿಲ್ಲ. ಅದರ ಕುಲುಕಾಟ ಬೆನ್ನು ಮುರಿಯುತ್ತದೆ, ಹೊಟ್ಟೆ ತೊಳಸುವುದಿಲ್ಲ. ಗುಂಡಿ ಬಿದ್ದ ರಸ್ತೆಯ ದಡಬಡವೂ ಹಾಗೆಯೇ. ಹೊಟ್ಟೆಯನ್ನು ಕದಡುವುದು ನಿಧಾನದ ತೂಗಾಟ. ಸುಮಾರು ಐದು ಸೆಕೆಂಡಿಗೆ ಒಂದು ಸಲ ತೂಗಿದರೆ, ಅಂದರೆ ಸೆಕೆಂಡಿಗೆ 0.2ರ ಲೆಕ್ಕದಲ್ಲಿ, ಅದು ಎಲ್ಲಕ್ಕಿಂತ ಕೆಟ್ಟದ್ದು ಎಂದು ಪ್ರಯೋಗಗಳಲ್ಲಿ ಕಂಡಿದೆ. ಕಡಲಿನ ಅಲೆ ಆ ಲಯದ್ದು. ಆಗುಂಬೆಯ 14 ತಿರುವುಗಳನ್ನು ಒಂದೇ ಸಮನೆ ಇಳಿಯುವ ಕಾರಿನದ್ದೂ ಆ ಲಯವೇ. ಹೆಬ್ಬಾಳದ ಹತ್ತಿರ ಗಾಡಿಗಳು ಸಾಲುಗಟ್ಟಿದಾಗ ಸ್ವಲ್ಪ ಮುಂದೆ, ಬ್ರೇಕು, ಮತ್ತೆ ಸ್ವಲ್ಪ ಮುಂದೆ, ಮತ್ತೆ ಬ್ರೇಕು ಎಂದು ತೆವಳುವ ಟ್ಯಾಕ್ಸಿಯದ್ದೂ ಅದಕ್ಕೆ ಹತ್ತಿರವೇ. ಹಾಗಾಗಿ ಬೆಟ್ಟದ ರಸ್ತೆಯಲ್ಲಿ ಮಾತ್ರ ಆಗುತ್ತದೆ ಎಂದುಕೊಳ್ಳಬೇಡಿ. ಬಯಲುಸೀಮೆಯ ನೇರ ಹೆದ್ದಾರಿಯಲ್ಲಿ, ಲ್ಯಾಪ್‌ಟಾಪ್ ತೆರೆದು ಕೆಲಸ ಮಾಡುತ್ತ ವಿಮಾನ ಹಿಡಿಯಲು ಬರುವವರಿಗೂ ಆಗುತ್ತದೆ.

ಎರಡು ವರ್ಷದೊಳಗಿನ ಕೂಸುಗಳಿಗೆ ಇದು ಅಪರೂಪ. ಆರೇಳು ವರ್ಷದಿಂದ ಹನ್ನೆರಡರವರೆಗೆ ಹೆಚ್ಚು, ಆಮೇಲೆ ಇಳಿಯುತ್ತದೆ. ಗಂಡಸರಿಗಿಂತ ಹೆಂಗಸರಿಗೆ ಜಾಸ್ತಿ; ಬಸುರಿಯರಿಗೆ, ಅರೆತಲೆನೋವು ಇರುವವರಿಗೆ ಇನ್ನೂ ಜಾಸ್ತಿ. ಅಂದರೆ ನಮ್ಮ ಕುಟುಂಬಗಳಲ್ಲಿ ಹಿಂದಿನ ಸೀಟಿಗೆ ಯಾರನ್ನು ತಳ್ಳುತ್ತೇವೋ ಅವರಿಗೇ ಹೆಚ್ಚು. ಮುಂದಿನ ಸೀಟು ಮನೆಯ ಯಜಮಾನನದು, ಕಡೇ ಸೀಟು ಹೆಂಗಸರು ಮಕ್ಕಳದು. ಈ ಪದ್ಧತಿಯನ್ನು ಮೊದಲು ಬದಲಾಯಿಸಿ ಎಂದು ನಾನು ಕೈಮುಗಿದು ಕೇಳುತ್ತೇನೆ.

ಸೀಟಿನ ಮಾತನ್ನು ಇಷ್ಟು ಒತ್ತಿ ಹೇಳುವುದಕ್ಕೆ ಆಧಾರವಿದೆ. ಇಂಗ್ಲೆಂಡಿನ ಸೌತಾಂಪ್ಟನ್ನಿನಲ್ಲಿ ಟರ್ನರ್ ಮತ್ತು ಗ್ರಿಫಿನ್ ಎಂಬ ಸಂಶೋಧಕರು 3256 ಬಸ್ ಪ್ರಯಾಣಿಕರನ್ನು ವಿಚಾರಿಸಿ 1999ರಲ್ಲಿ ಪ್ರಕಟಿಸಿದ ವರದಿಯೊಂದಿದೆ. ಮುಂದಿನ ರಸ್ತೆ ಚೆನ್ನಾಗಿ ಕಾಣುತ್ತಿದ್ದವರಿಗಿಂತ, ರಸ್ತೆಯೇ ಕಾಣದೆ ಕೂತವರಲ್ಲಿ ತೊಂದರೆ ಸುಮಾರು ಮೂರು ಪಟ್ಟು ಹೆಚ್ಚಿತ್ತು. ಪಕ್ಕದ ಕಿಟಕಿ ಸಾಲದು. ಪಕ್ಕದ ಕಿಟಕಿಯಲ್ಲಿ ಮರಗಳು ಹಿಂದಕ್ಕೆ ಓಡುತ್ತವೆ. ಮುಂದಿನ ಗಾಜಿನಲ್ಲಿ ತಿರುವು ಬರುವುದು ಬರುವ ಮೊದಲೇ ತಿಳಿಯುತ್ತದೆ. ಕಣ್ಣು, ಕಿವಿ ಒಂದೇ ಸುದ್ದಿ ಹೇಳುವುದು ಅಲ್ಲಿ ಮಾತ್ರ. ದೊಡ್ಡವರಿಗೆ ಕಾರಿನ ಮುಂದಿನ ಸೀಟು ಉತ್ತಮ. ಬಸ್ಸಿನಲ್ಲಾದರೆ ಹಿಂದಿನ ಚಕ್ರಕ್ಕಿಂತ ಮುಂದೆ. ಚಿಕ್ಕ ಮಕ್ಕಳನ್ನು ಮುಂದೆ ಕೂರಿಸಬಾರದು, ಏರ್‌ಬ್ಯಾಗ್ ಬಿಚ್ಚಿಕೊಂಡರೆ ಅವರಿಗೆ ಅಪಾಯ. ಅವರಿಗೆ ಹಿಂದಿನ ಸೀಟಿನ ನಡುಭಾಗ ಕೊಡಿ. ಎರಡು ಸೀಟುಗಳ ಸಂದಿನಲ್ಲಿ ಅಲ್ಲಿಂದ ರಸ್ತೆ ಕಾಣುತ್ತದೆ. ಬೆಲ್ಟು ಹಾಕಿ. ಮಗು ಗಿಡ್ಡಗಿದ್ದರೆ ಎತ್ತರಿಸುವ ಮಕ್ಕಳ ಸೀಟು ಇಡಿ. ದಿಂಬಿನ ಮೇಲೆ ಕೂರಿಸಿದರೆ ಬೆಲ್ಟು ಜಾರುತ್ತದೆ. ತಲೆಯನ್ನು ಸೀಟಿಗೆ ಆನಿಸಲಿ. ತಲೆ ಕಡಿಮೆ ಅಲ್ಲಾಡಿದಷ್ಟೂ ಕಿವಿಗೆ ನೆಮ್ಮದಿ. ರಸ್ತೆ ನೋಡಲಾಗದಿದ್ದರೆ ಕಣ್ಣು ಮುಚ್ಚಿಕೊಳ್ಳಲಿ, ನಿದ್ದೆ ಬಂದರೆ ಇನ್ನೂ ಒಳ್ಳೆಯದು. ಫೋನು ಮಾತ್ರ ಬೇಡವೇ ಬೇಡ. ಅಳು ನಿಲ್ಲಿಸಲೆಂದು ಕೊಟ್ಟ ಫೋನೇ ಅರ್ಧ ಗಂಟೆಯಲ್ಲಿ ವಾಂತಿ ತರಿಸುತ್ತದೆ.

ಈಗ ಚಾಲಕರ ವಿಷಯ. ಇವತ್ತು ನಾನು ಬಂದಿರುವುದೇ ಇದಕ್ಕೆ ಎಂದರೂ ಸರಿ. ಒಂದು ಪ್ರಶ್ನೆ ಕೇಳುತ್ತೇನೆ: ಘಾಟಿಯಲ್ಲಿ ಹತ್ತು ಜನ ವಾಂತಿ ಮಾಡಿದರೂ ಡ್ರೈವರಿಗೆ ಯಾಕೆ ಆಗುವುದಿಲ್ಲ? ಸ್ಟೇರಿಂಗ್ ಅವರ ಕೈಯಲ್ಲಿದೆ. ಗಾಡಿ ತಿರುಗುವ ಮೊದಲೇ ಅದು ತಿರುಗುವುದು ಅವರ ಮಿದುಳಿಗೆ ಗೊತ್ತು. ಮುಂದಿನ ಸಲ ಘಾಟಿಯಲ್ಲಿ ಡ್ರೈವರ ಕುತ್ತಿಗೆಯನ್ನು ನೋಡಿ. ಬಲ ತಿರುವು ಬಂದಾಗ ಅವರ ತಲೆ ತಾನೇ ತಾನಾಗಿ ಬಲಕ್ಕೆ, ತಿರುವಿನ ಒಳಗಡೆಗೆ ವಾಲುತ್ತದೆ. ಅದೇ ಹೊತ್ತಿಗೆ ನಮ್ಮ ತಲೆ ಎಡಕ್ಕೆ, ಹೊರಗಡೆಗೆ ಬಿದ್ದಿರುತ್ತದೆ. ಪ್ರಯಾಣಿಕರೂ ಡ್ರೈವರ ಹಾಗೆ ತಲೆಯನ್ನು ತಿರುವಿನ ಒಳಕ್ಕೆ ವಾಲಿಸಿದರೆ ತೊಂದರೆ ಕಡಿಮೆಯಾಗುತ್ತದೆ ಎಂದು ಜಪಾನಿನ ಸಂಶೋಧಕರು ಪರೀಕ್ಷಿಸಿ ತೋರಿಸಿದ್ದಾರೆ. ಖರ್ಚಿಲ್ಲದ ಉಪಾಯ, ನಂದಿಬೆಟ್ಟಕ್ಕೆ ಹೋಗುವಾಗ ಮಾಡಿ ನೋಡಿ.

ಚಾಲಕ ಮಿತ್ರರೇ, ಹಿಂದೆ ಕೂತವರಿಗೆ ಮುಂದೇನು ಎಂದು ಗೊತ್ತಿಲ್ಲ ಎಂಬುದೊಂದನ್ನು ಮನಸ್ಸಿನಲ್ಲಿಟ್ಟರೆ ನಿಮ್ಮ ಕಾಲು ತಾನೇ ಮೆತ್ತಗಾಗುತ್ತದೆ. ಈ ದತ್ತಿಗೆ ಕಾರಣರಾದ ಹಿರಿಯರು ಬಸ್ಸಿನ ಮುಂಭಾಗದಲ್ಲಿ, ಗಾಜಿನ ಕೆಳಗೆ, ಒಂದು ಹಿತ್ತಾಳೆ ಚೊಂಬು ಇಟ್ಟುಕೊಂಡಿರುತ್ತಿದ್ದರು. ಕುಡಿಯುವ ನೀರು ಎಂದುಕೊಂಡಿದ್ದೆ. ಒಮ್ಮೆ ಕೇಳಿದಾಗ, "ಇದು ನನ್ ಮೇಷ್ಟ್ರು ಕಣಪ್ಪ. ನೀರು ಚೆಲ್ಲಿದ್ರೆ ನಾನು ತಪ್ಪು ಮಾಡ್ದೆ ಅಂತ" ಎಂದರು. ಬೆಳಿಗ್ಗೆ ಕತ್ತಿನವರೆಗೆ ತುಂಬಿಸುವುದು, ರಾತ್ರಿ ಡಿಪೋದಲ್ಲಿ ಎಷ್ಟು ಉಳಿದಿದೆ ಎಂದು ಬಗ್ಗಿ ನೋಡುವುದು. ಚೊಂಬಿನ ಸುತ್ತ ಹಾಸಿದ ಗೋಣಿತಾಟು ಒದ್ದೆಯಾಗಿದ್ದ ದಿನ ಅವರು ಊಟಕ್ಕೆ ಕೂತಾಗಲೂ ಮಾತು ಕಡಿಮೆ ಎಂದು ಅವರ ಮಗ ನನಗೆ ಹೇಳಿದರು. ಕಿವಿಯೊಳಗಿನ ಕೊಳವೆ, ಅದರ ದ್ರವ ಯಾವುದೂ ಅವರಿಗೆ ಗೊತ್ತಿರಲಿಲ್ಲ. ಆದರೆ ಪ್ರಯಾಣಿಕನ ಕಿವಿಯೊಳಗಿನ ನೀರನ್ನೇ ಅವರು ಚೊಂಬಿನಲ್ಲಿ ಕಣ್ಣೆದುರಿಗೆ ಇಟ್ಟುಕೊಂಡಿದ್ದರು.

ಆ ಚೊಂಬಿನ ಪಾಠ ಇಷ್ಟು. ತಿರುವಿನೊಳಗೆ ಹೋಗಿ ಬ್ರೇಕು ಹಾಕಬೇಡಿ. ತಿರುವಿಗೆ ಮುಂಚೆಯೇ ವೇಗ ಇಳಿಸಿ, ಒಂದೇ ಹದದಲ್ಲಿ ತಿರುಗಿಸಿ, ರಸ್ತೆ ನೇರವಾದ ಮೇಲೆ ಮೆಲ್ಲಗೆ ವೇಗ ಕೊಡಿ. ಹಂಪು ದೂರದಲ್ಲಿ ಕಂಡಾಗಲೇ ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ. ಒಂದು ಗಾಡಿ ಹಿಂದೆ ಹಾಕಲು ಮೂರು ಸಲ ಲೇನು ಬದಲಿಸಿದರೆ ಉಳಿಯುವುದು ಒಂದು ನಿಮಿಷ. ಹಿಂದಿನವರಿಗೆ ಅದರಿಂದ ಅರ್ಧ ದಿನ ಹಾಳು. ಈಗ ವಿಮಾನ ನಿಲ್ದಾಣಕ್ಕೆ ಕರೆಂಟಿನ ಕಾರುಗಳು ಬಹಳ ಬಂದಿವೆ. ಅವುಗಳಲ್ಲಿ ಕಾಲು ತೆಗೆದ ತಕ್ಷಣ ಗಾಡಿ ತಾನೇ ಹಿಡಿದೆಳೆದ ಹಾಗೆ ನಿಧಾನವಾಗುತ್ತದೆ, ಬ್ಯಾಟರಿಗೆ ಕರೆಂಟು ವಾಪಸು ಹೋಗುವುದರಿಂದ. ಎಂಜಿನ್ನಿನ ಸದ್ದೂ ಇಲ್ಲದೆ, ವೇಗ ಏರುವುದು ಇಳಿಯುವುದು ಹಿಂದೆ ಕೂತವರಿಗೆ ಮುನ್ಸೂಚನೆಯಿಲ್ಲದೆ ಬರುತ್ತದೆ. ಅನೇಕ ಮಾದರಿಗಳಲ್ಲಿ ಆ ಹಿಡಿತವನ್ನು ಕಡಿಮೆ ಮಾಡುವ ಸೌಲಭ್ಯವಿದೆ. ಪ್ರಯಾಣಿಕರಿದ್ದಾಗ ಅದನ್ನು ಕಡಿಮೆ ಮಾಡಿಟ್ಟುಕೊಳ್ಳಿ, ಕಾಲನ್ನು ಒಂದೇ ಸಲ ಎತ್ತಬೇಡಿ. ಇನ್ನು ಡ್ಯಾಶ್‌ಬೋರ್ಡಿನ ಮೇಲಿನ ಸೆಂಟಿನ ಬಾಟಲಿ. ನಿಮಗದು ಮಲ್ಲಿಗೆ, ಹೊಟ್ಟೆ ತೊಳಸುತ್ತಿರುವವರಿಗೆ ಕಡೆಯ ಏಟು. ತೆಗೆದು ಡಿಕ್ಕಿಯಲ್ಲಿಡಿ, ಕಿಟಕಿ ಸ್ವಲ್ಪ ಇಳಿಸಿ, ಹೊರಗಿನ ಗಾಳಿ ಬರಲಿ.

ಮಗುವಿಗೆ ಆಗುತ್ತಿದೆ ಎಂದು ತಿಳಿಯುವುದು ಹೇಗೆ? ವಾಂತಿಗೆ ಬಹಳ ಮೊದಲೇ ಮುಖ ಹೇಳುತ್ತದೆ. ಅಷ್ಟು ಹೊತ್ತು ಬಾಯಿ ಮುಚ್ಚದೆ ಮಾತಾಡುತ್ತಿದ್ದ ಮಗು ಸುಮ್ಮನಾಗುತ್ತದೆ. ಎರಡು ಮೂರು ಸಲ ಆಕಳಿಸುತ್ತದೆ. ನಿದ್ದೆ ಬಂತೇನೋ ಅಂದುಕೊಳ್ಳುತ್ತೇವೆ. ತುಟಿಯ ಮೇಲ್ಗಡೆ ಸಾಸಿವೆ ಕಾಳಿನಷ್ಟು ಬೆವರ ಹನಿಗಳು ಮೂಡುತ್ತವೆ, ಕೈ ಮುಟ್ಟಿದರೆ ತಣ್ಣಗೆ. ಮುಖ ಬಿಳಿಚುತ್ತದೆ. ಆಮೇಲೆ ಪದೇ ಪದೇ ಉಗುಳು ನುಂಗುತ್ತದೆ. "ಏನಾಯ್ತು ಪುಟ್ಟ?" ಎಂದರೆ "ಏನಿಲ್ಲ" ಎನ್ನುತ್ತದೆ, ಬೈಯುತ್ತಾರೆಂಬ ಭಯಕ್ಕೆ. ಆ ಆಕಳಿಕೆಯ ಹಂತದಲ್ಲೇ ಗಾಡಿ ನಿಲ್ಲಿಸಿ ಐದು ನಿಮಿಷ ನೆಲದ ಮೇಲೆ ನಡೆಸಿದರೆ ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ. ಉಗುಳು ನುಂಗುವ ಹಂತಕ್ಕೆ ಬಂದ ಮೇಲೆ ಕವರು ಹುಡುಕುವುದೊಂದೇ ಕೆಲಸ. ನಿಧಾನವಾಗಿ, ಎಣಿಸಿಕೊಂಡು ಉಸಿರಾಡುವುದೂ ಒಳ್ಳೆಯ ಉಪಾಯ. ಮಾತ್ರೆಯ ಅರ್ಧದಷ್ಟು ಗುಣ ಅದರಿಂದಲೇ ಸಿಗುತ್ತದೆ ಎಂದು ಒಂದು ಪರೀಕ್ಷೆಯಲ್ಲಿ ಕಂಡಿದೆ. ಅಭ್ಯಾಸದಿಂದ ಮಕ್ಕಳೂ ಕಲಿಯುತ್ತಾರೆ.

ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಖಾಲಿ ಹೊಟ್ಟೆಯೂ ತಪ್ಪು, ಪೂರಿ ಸಾಗು ಹೊಡೆದು ಹತ್ತುವುದೂ ತಪ್ಪು. ಹೊರಡುವ ಒಂದು ಗಂಟೆ ಮುಂಚೆ ಎರಡು ಇಡ್ಲಿ ಸಾಕು. ಶುಂಠಿಯಿಂದ ಕೆಲವರಿಗೆ ಗುಣ, ಕೆಲವರಿಗಿಲ್ಲ. ಪರೀಕ್ಷೆಗಳ ಫಲವೂ ಹಾಗೆಯೇ ಹಂಚಿಹೋಗಿದೆ. ಹಾನಿಯಿಲ್ಲ, ಚೂರು ಬಾಯಲ್ಲಿಟ್ಟುಕೊಳ್ಳಬಹುದು. ನಿಂಬೆಹಣ್ಣು, ಚಕ್ಕೋತದ ಸಿಪ್ಪೆ ಕೆಟ್ಟ ವಾಸನೆಯನ್ನು ಮರೆಸುತ್ತವೆ. ಅಜ್ಜಿಯ ಕೈಯಿಂದ ಬಂದದ್ದು ಎಂಬ ಧೈರ್ಯವೂ ಸಣ್ಣದಲ್ಲ. ಹೊಟ್ಟೆಗೆ ನ್ಯೂಸ್ ಪೇಪರ್ ಕಟ್ಟಿಕೊಳ್ಳುವುದರಿಂದ ಕಿವಿಗೆ ಏನೂ ಆಗುವುದಿಲ್ಲ.

ಮಾತ್ರೆಯ ವಿಷಯ ಮಾತ್ರ ಗಮನವಿಟ್ಟು ಕೇಳಿ. ಮೆಡಿಕಲ್ ಸ್ಟೋರಿನಲ್ಲಿ "ವಾಂತಿ ಮಾತ್ರೆ ಕೊಡಿ" ಎಂದರೆ ಎಷ್ಟೋ ಸಲ ಒಂಡಾನ್ಸೆಟ್ರಾನ್ ಕೊಡುತ್ತಾರೆ. ಹೊಟ್ಟೆ ಕೆಟ್ಟು ಬರುವ ವಾಂತಿಗೆ ಅದು ಒಳ್ಳೆಯ ಔಷಧಿ. ಗಾಡಿಯ ವಾಂತಿಗೆ ಅದರಿಂದ ಪ್ರಯೋಜನವಿಲ್ಲ, ಏಕೆಂದರೆ ಇಲ್ಲಿ ದಾರಿ ಹೊಟ್ಟೆಯಿಂದ ಶುರುವಾಗಿಲ್ಲ, ಕಿವಿಯಿಂದ ಶುರುವಾಗಿದೆ. ಇದಕ್ಕೆ ಬೇಕಾದದ್ದು ಅವೊಮಿನ್ ಎಂದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಪ್ರೊಮೆಥಜಿನ್‌ನಂಥ, ಅಲರ್ಜಿ ಔಷಧಿಗಳ ಗುಂಪಿನ ಮಾತ್ರೆ. ಈ ಗುಂಪಿನ ಗುಣ ಹೊರಬಿದ್ದದ್ದೂ ಗಾಡಿಯಲ್ಲೇ. 1947ರಲ್ಲಿ ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಒಬ್ಬ ಬಸುರಿ ಹೆಂಗಸಿಗೆ ಮೈಮೇಲಿನ ಗಂಧೆಗೆಂದು ಡೈಮೆನ್‌ಹೈಡ್ರಿನೇಟ್ ಎಂಬ ಹೊಸ ಔಷಧಿ ಕೊಟ್ಟರು. ಟ್ರಾಮ್ ಹತ್ತಿದರೆ ಯಾವಾಗಲೂ ಬರುತ್ತಿದ್ದ ವಾಂತಿ ಅದನ್ನು ತಿಂದ ದಿನ ಬರುವುದಿಲ್ಲ ಎಂದು ಆಕೆ ಬಂದು ಹೇಳಿದಳು. ವೈದ್ಯರು ಅವಳ ಮಾತನ್ನು ತಳ್ಳಿಹಾಕದೆ, ಮುಂದಿನ ವರ್ಷ ಅಟ್ಲಾಂಟಿಕ್ ದಾಟುತ್ತಿದ್ದ ಸೈನಿಕರ ಹಡಗಿನಲ್ಲಿ ಪರೀಕ್ಷಿಸಿದರು. ರೋಗಿ ಹೇಳುವುದನ್ನು ಕಿವಿಗೊಟ್ಟು ಕೇಳಬೇಕು ಎನ್ನುವಾಗಲೆಲ್ಲ ನಾನು ನನ್ನ ವಿದ್ಯಾರ್ಥಿಗಳಿಗೆ ಆ ಹೆಂಗಸಿನ ಕಥೆ ಹೇಳುತ್ತಿದ್ದೆ.

ಈ ಮಾತ್ರೆ ಕೆಲಸ ಮಾಡುವುದು ಹೊರಡುವ ಒಂದೆರಡು ಗಂಟೆ ಮುಂಚೆ ತೆಗೆದುಕೊಂಡರೆ. ಘಾಟಿ ಶುರುವಾದ ಮೇಲೆ ನುಂಗಿದರೆ ಮಾತ್ರೆಯೂ ಆಚೆ ಬರುತ್ತದೆ. ಇದರಿಂದ ತೂಕಡಿಕೆ ಬರುತ್ತದೆ, ಆದ್ದರಿಂದ ಗಾಡಿ ಓಡಿಸುವವರು ಮುಟ್ಟಲೇಬಾರದು. ಎರಡು ವರ್ಷದೊಳಗಿನ ಮಕ್ಕಳಿಗೆ ಪ್ರೊಮೆಥಜಿನ್ ಸಲ್ಲದು. ದೊಡ್ಡ ಮಕ್ಕಳಿಗೆ, ಬಸುರಿಯರಿಗೆ, ಗ್ಲಾಕೋಮಾ ಅಥವಾ ಪ್ರಾಸ್ಟೇಟ್ ತೊಂದರೆಯಿರುವ ಹಿರಿಯರಿಗೆ ವೈದ್ಯರನ್ನು ಕೇಳಿಯೇ ಕೊಡಿ.

ಅಭ್ಯಾಸದಿಂದ ಇದು ಹೋಗುತ್ತದೆಯೇ ಎಂದು ಕೇಳುತ್ತಾರೆ. ಹೋಗುತ್ತದೆ, ನಿಧಾನಕ್ಕೆ. ಬೆಂಗಳೂರಿನ ಹಳೇ ವಿಮಾನ ನಿಲ್ದಾಣ ರಸ್ತೆಯಲ್ಲಿ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ ಇದೆ, 1957ರಲ್ಲಿ ಶುರುವಾದದ್ದು. 1984ರಲ್ಲಿ ಬಾಹ್ಯಾಕಾಶಕ್ಕೆ ಹೋದ ರಾಕೇಶ್ ಶರ್ಮಾ ಅವರನ್ನೂ, ಈಗಿನ ಗಗನಯಾನದ ಯಾತ್ರಿಗಳನ್ನೂ ಪರೀಕ್ಷಿಸಿದ್ದು ಅಲ್ಲೇ. ಹಾರಾಟ ಕಲಿಯುವಾಗ ವಾಂತಿ ಮಾಡಿಕೊಳ್ಳುವ ತರುಣ ಪೈಲಟ್‌ಗಳನ್ನು ಅಲ್ಲಿ ತಿರುಗುವ ಕುರ್ಚಿಯಲ್ಲಿ ಕೂರಿಸಿ, ದಿನದಿನಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತ ಒಗ್ಗಿಸುತ್ತಾರೆ. ಯುದ್ಧವಿಮಾನ ಹಾರಿಸುವವರಿಗೇ ಇದು ಬರುತ್ತದೆ, ಅವರನ್ನು ಯಾರೂ ಹೀಗಳೆಯುವುದಿಲ್ಲ ಎಂಬುದನ್ನು ನಿಮ್ಮ ಮಕ್ಕಳಿಗೆ ಹೇಳಿ. ಮನೆಯಲ್ಲೂ ಹಾಗೇ ಮಾಡಬಹುದು. ಮೊದಲ ವಾರ ನಮ್ಮ ಪಕ್ಕದ ವಿಜಯಪುರದವರೆಗೆ, ಆಮೇಲೆ ಚಿಕ್ಕಬಳ್ಳಾಪುರ, ಆಮೇಲೆ ನಂದಿ. ವರ್ಷಕ್ಕೊಮ್ಮೆ ನೇರವಾಗಿ ಘಾಟಿಗೇ ಕರೆದೊಯ್ದರೆ ಒಗ್ಗುವುದಿಲ್ಲ.

ಒಂದು ಮಾತನ್ನು ಭಯದಿಂದಲೇ ಹೇಳಬೇಕು. ವಾಂತಿ ಬಂದಾಗ ತಲೆಯನ್ನು ಕಿಟಕಿಯ ಆಚೆ ಹಾಕಬೇಡಿ, ಹಾಕಲು ಬಿಡಬೇಡಿ. 2025ರ ಜನವರಿಯಲ್ಲಿ ನಂಜನಗೂಡಿನ ಹತ್ತಿರ ಹಾಗೆ ಬಸ್ಸಿನಿಂದ ತಲೆ ಹೊರಗೆ ಹಾಕಿದ ಒಬ್ಬ ಹೆಂಗಸು ಲಾರಿಗೆ ಸಿಕ್ಕಿ ತೀರಿಕೊಂಡರು. ಗಾಡಿ ಕೊಳೆಯಾದೀತು, ಯಾರಾದರೂ ಬೈದಾರು ಎಂಬ ಸಂಕೋಚಕ್ಕೆ ನಮ್ಮ ಜನ ತಲೆ ಹೊರಗೆ ಹಾಕುತ್ತಾರೆ. ಆ ಸಂಕೋಚವನ್ನು ಬೆಳೆಸಿದವರು ನಾವೇ. ಪ್ರತಿ ಸೀಟಿನ ಹಿಂದೆ ಎರಡು ಗಟ್ಟಿ ಕವರು, ಒಂದು ಬಾಟಲಿ ನೀರು, ಒಂದು ಹಳೇ ಟವೆಲ್ ಇಟ್ಟರೆ ಇಪ್ಪತ್ತು ರೂಪಾಯಿ ಖರ್ಚಾಗಬಹುದು. "ನಿಲ್ಸಣ್ಣ" ಎಂದರೆ ನಿಲ್ಲಿಸಿ. ಎರಡು ಸಲ ಕೇಳುವಂತೆ ಮಾಡಬೇಡಿ.

ನಮ್ಮ ಹಿರಿಯ ಚಾಲಕರ ಬಗ್ಗೆ ಇನ್ನೊಂದು ಮಾತು ಬಾಕಿಯಿದೆ. ಹೈಸ್ಕೂಲಿಗೆ ನಾನು ಅವರ ಬಸ್ಸಿನಲ್ಲೇ ಹೋಗುತ್ತಿದ್ದೆ. ನನ್ನ ಕಷ್ಟ ಗೊತ್ತಾದ ಮೇಲೆ ಅವರು ನನ್ನನ್ನು ತಮ್ಮ ಹಿಂದಿನ ಸೀಟಿಗೆ ಕರೆದು, "ನೀನು ಸುಮ್ನೆ ಕೂರ್ಬೇಡ. ತಿರುವು ಬರೋಕೆ ಮುಂಚೆ ಎಡಾನೋ ಬಲಾನೋ ನಂಗೆ ಹೇಳ್ಬೇಕು" ಎಂದರು. ಅವರಿಗೇನು, ಆ ರಸ್ತೆ ಕಣ್ಣು ಕಟ್ಟಿದರೂ ಗೊತ್ತಿತ್ತು. ನಾನು ಮಾತ್ರ ನಿಜವಾಗಿಯೂ ಅವರಿಗೆ ದಾರಿ ತೋರಿಸುತ್ತಿದ್ದೇನೆ ಎಂದುಕೊಂಡು ರಸ್ತೆಯಿಂದ ಕಣ್ಣು ಕೀಳದೆ ಹೇಳುತ್ತಿದ್ದೆ. ಆ ವರ್ಷ ನನಗೆ ಒಂದು ದಿನವೂ ಆಗಲಿಲ್ಲ.

ಹೋದ ಡಿಸೆಂಬರಿನಲ್ಲಿ ಧರ್ಮಸ್ಥಳಕ್ಕೆ ಹೋಗಿದ್ದೆವು. ಮೊಮ್ಮಗಳಿಗೆ ಎಂಟು ವರ್ಷ, ನನ್ನದೇ ಕಿವಿ ಅವಳಿಗೆ ಬಂದಿದೆ. ವಾಪಸು ಬರುವಾಗ ಚಾರ್ಮಾಡಿ ಹತ್ತುವ ಮುಂಚೆ ಅವಳನ್ನು ಹಿಂದಿನ ಸೀಟಿನ ನಡುವೆ ಕೂರಿಸಿ, ಬೆಲ್ಟು ಬಿಗಿದು, ಅದೇ ಕೆಲಸ ಕೊಟ್ಟೆ. "ಬಲ… ಈಗ ಎಡ… ತಾತ, ದೊಡ್ಡ ತಿರುವು, ಎಲ್ರೂ ವಾಲಿ!" ಮಂಜು ಇಳಿದು ರಸ್ತೆ ಮಸುಕಾದ ಕಡೆ ಮಾತ್ರ ಒಮ್ಮೆ ಸುಮ್ಮನಾದಳು, ಒಮ್ಮೆ ಆಕಳಿಸಿದಳು. ಡ್ರೈವರಣ್ಣ ಕೇಳುವ ಮೊದಲೇ ಜಾಗ ನೋಡಿ ನಿಲ್ಲಿಸಿದರು. ಐದು ನಿಮಿಷ ನಿಂತು ಗಾಳಿ ಕುಡಿದು ಮತ್ತೆ ಹೊರಟೆವು. ಕೊಟ್ಟಿಗೆಹಾರದ ಹೋಟೆಲಿನಲ್ಲಿ ನೀರ್‌ದೋಸೆ ಬಂತು. ಅವಳು ನಾಲ್ಕು ತಿಂದು, ತಟ್ಟೆ ಮುಂದೆ ತಳ್ಳಿ, ಮುಂದಿನ ತಿರುವು ಎಷ್ಟು ದೂರಕ್ಕಿದೆ ಎಂದು ಡ್ರೈವರನ್ನು ಕೇಳಿದಳು.